ಕತ್ತಿ ತೊಳೆದ ನೆಲ

ಜಾವಗಲ್ಲಿಗೆ ಹೊರಗಿನವರು ಬರುವುದು ಲಕ್ಷ್ಮೀನರಸಿಂಹನ ಗುಡಿ ನೋಡಲು. ಹದಿಮೂರನೆಯ ಶತಮಾನದ ನಡುಗಾಲದ ಆ ಗುಡಿಯ ಗೋಡೆಯಲ್ಲಿ ಮಲ್ಲಿತಮ್ಮನಂಥ ಶಿಲ್ಪಿಯ ಕೈಕೆಲಸವಿದೆ. ಅಲ್ಲಿಂದ ಅವರು ಹಳೇಬೀಡಿಗೆ, ಬೇಲೂರಿಗೆ ಹೋಗುತ್ತಾರೆ. ಹೀಗೆ ಸುತ್ತಿ ಬಂದವರಿಗೆ ಈ ಸೀಮೆಯ ಚರಿತ್ರೆ ಎಂದರೆ ಗುಡಿ ಕಟ್ಟಿದವರ, ಕಟ್ಟಿಸಿದವರ ಚರಿತ್ರೆ. ಆದರೆ ಅರಸೀಕೆರೆ, ಬೇಲೂರು ಸೀಮೆಯ ಕೆರೆ ಏರಿಗಳ ಮೇಲೆ, ಊರಬಾಗಿಲ ಪಕ್ಕ, ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳು ಇನ್ನೊಂದು ಚರಿತ್ರೆಯನ್ನು ಹೇಳುತ್ತವೆ. ಕಾದಿದವನಿಗೆ, ಅವನು ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಊರು ಏನು ಕೊಡಬೇಕಿತ್ತು, ಕೊಟ್ಟದ್ದನ್ನು ಹೇಗೆ ಉಳಿಸಿಕೊಟ್ಟಿತು ಎಂಬುದು ಆ ಚರಿತ್ರೆ. ಇಂದು ಫೌಜಿನಿಂದ ನಿವೃತ್ತನಾಗಿ ಬಂದ ಜವಾನ ತನ್ನದೇ ತಾಲ್ಲೂಕಿನಲ್ಲಿ ಒಂದು ನಿವೇಶನಕ್ಕಾಗಿ ಕಡತ ಹಿಡಿದು ಅಲೆಯುವ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ಆ ಕಲ್ಲುಗಳಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ. ಸಮಾಜಕ್ಕೆ ಕೃತಜ್ಞತೆ ಬತ್ತಿದ್ದರಿಂದ ಈ ಸ್ಥಿತಿ ಬಂದಿತೆಂದು ನಾನು ನಂಬುವುದಿಲ್ಲ. ಸೈನಿಕನ ಋಣವನ್ನು ನೆಲದ ರೂಪದಲ್ಲಿ ತೀರಿಸುತ್ತಿದ್ದ ಒಂದು ಏರ್ಪಾಡು ಮೊದಲು ನಗದಾಯಿತು, ಆಮೇಲೆ ಅರ್ಜಿಯಾಯಿತು. ಆ ಬದಲಾವಣೆಯಲ್ಲಿ ಅವನ ಕಾಲ ಕೆಳಗಿನ ನೆಲ ಯಾರ ಲೆಕ್ಕಕ್ಕೂ ಸೇರದೆ ಹೋಯಿತು.

ಹಲ್ಮಿಡಿಯಿಂದ ತೊಡಗೋಣ. ಬೇಲೂರು ತಾಲ್ಲೂಕಿನ ಈ ಸಣ್ಣ ಊರಿನ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಮೇಲೆ ಕನ್ನಡ ಮಕ್ಕಳೆಲ್ಲ ಅದರ ಹೆಸರನ್ನು ಪಾಠದಲ್ಲಿ ಓದಿದ್ದಾರೆ. ಕ್ರಿ.ಶ. ಸುಮಾರು 450ರ ಈ ಶಾಸನ ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಹೆಸರಾಗಿತ್ತು. ತಾಳಗುಂದದ ಇತ್ತೀಚಿನ ಶೋಧ ಆ ಸ್ಥಾನಕ್ಕೆ ಪೈಪೋಟಿ ಕೊಟ್ಟಿದೆಯಾದರೂ, ಕನ್ನಡ ವಾಕ್ಯಗಳಲ್ಲಿ ಒಂದು ವಿಷಯವನ್ನು ಪೂರ್ತಿಯಾಗಿ ಹೇಳುವ ಹಳೆಯ ಬರಹವೆಂಬ ಅದರ ಹಿರಿಮೆ ಕುಂದಿಲ್ಲ. ಹಲ್ಮಿಡಿ ಎಂದೊಡನೆ ಲಿಪಿ, ಭಾಷೆ, ಕದಂಬರ ಮಾತು ಬರುತ್ತದೆ. ಆ ಹದಿನಾರು ಸಾಲು ಯಾತಕ್ಕೆ ಕೆತ್ತಿದ್ದು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅದು ಒಬ್ಬ ಯೋಧನ ಜಮೀನಿನ ದಾಖಲೆ. ಕೇಕಯ ಪಲ್ಲವರ ವಿರುದ್ಧ ಕಾದಿ ಗೆದ್ದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟದ್ದು ಅದರ ಸಾರ. ಕೊಟ್ಟ ಬಗೆಗೆ ಶಾಸನ ಬಳಸುವ ಹೆಸರು ಬಾಳ್ಗಳ್ಚು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಯುದ್ಧ ಮುಗಿದು ಕತ್ತಿಯ ನೆತ್ತರು ತೊಳೆಯುವ ಹೊತ್ತಿನಲ್ಲಿ ನೆಲವನ್ನು ಧಾರೆಯೆರೆದು ಕೊಡುವುದು ಆ ಪದದೊಳಗೆ ಅಡಗಿದೆ. ಇನ್ನೆರಡು ಸಂಗತಿ ಗಮನಿಸಬೇಕು. ಈ ದಾನ ನಡೆದದ್ದು ಸೇಂದ್ರಕ, ಬಾಣ ಎಂಬ ಎರಡೂ ನಾಡಿನ ವೀರರ ಸಮಕ್ಷಮದಲ್ಲಿ. ಅಂದರೆ ಸಾಕ್ಷಿ ನಿಂತವರು ಜೊತೆಯಲ್ಲಿ ಕಾದಿದವರು. ಕೊಟ್ಟದ್ದನ್ನು ಅಳಿಸಿದವನಿಗೆ ಮಹಾಪಾತಕ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಅಲ್ಲೇ ಕೆತ್ತಿದ್ದಾರೆ. ಕನ್ನಡ ನುಡಿ ಕಲ್ಲಿನ ಮೇಲೆ ಮಾತಾಡಲು ಕಲಿತ ಕಾಲಕ್ಕೆ, ಜಾವಗಲ್ಲಿಗೆ ನೆರೆಯ ಈ ನೆಲದಲ್ಲಿ, ಕಲ್ಲಿನಲ್ಲಿ ಉಳಿಯಬೇಕು ಅನ್ನಿಸಿದ ವಿಷಯ ಯುದ್ಧದಿಂದ ಬದುಕಿ ಬಂದವನಿಗೆ ಸಂದ ನೆಲ.

ವಿಜ ಅರಸನ ಹೆಸರಲ್ಲೇ ಅರಸನಿದ್ದಾನೆ, ಅವನು ಸಾಮಾನ್ಯ ಸಿಪಾಯಿ ಅಲ್ಲ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಆತಕೂರಿನ ಶಾಸನದ ಮಣಲೆರನೂ ಸಾಮಾನ್ಯನಲ್ಲ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ತೋರಿದ ಸಾಹಸಕ್ಕೆ ಅವನು ರಾಷ್ಟ್ರಕೂಟ ಕೃಷ್ಣನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ ಕಥೆ ಎಲ್ಲರಿಗೂ ಗೊತ್ತು. ಗಂಗ ಬೂತುಗ ಅವನಿಗೆ ಬಾಳ್ಗಚ್ಚಾಗಿ ಊರುಗಳನ್ನು ಕೊಟ್ಟದ್ದನ್ನು ನೆನೆಯುವವರು ಕಡಮೆ. ಬೆಂಗಳೂರಿನ ಬೇಗೂರು ಕಲ್ಲಿನಲ್ಲೂ ನಾಗತ್ತರ ಸತ್ತ ಮೇಲೆ ಇರುಗನಿಗೆ ಪಟ್ಟ ಕಟ್ಟಿ ಊರುಗಳನ್ನು ಕಲ್ನಾಡಾಗಿ, ಅಂದರೆ ಕೊಡುಗೆಯ ನೆಲವಾಗಿ, ಕೊಟ್ಟ ವಿವರವಿದೆ. ಇವೆಲ್ಲ ಮೇಲಿನ ಹಂತದ ಮಾತು. ಆದರೆ ಹೊಯ್ಸಳರ ಕಾಲಕ್ಕೆ ಬಂದರೆ ಚಿತ್ರ ಕೆಳಗಿನವರೆಗೂ ಹರಡುತ್ತದೆ. ತುರುಗೊಳ್, ಊರಳಿವು, ಗಡಿಕಾಳಗ, ಹೆಣ್ಣುಸೆರೆ ಎಂಬ ಸಣ್ಣ ಸಣ್ಣ ಕದನಗಳಲ್ಲಿ ಸತ್ತವರು ಅರಸುಮಕ್ಕಳಲ್ಲ. ಗೌಡರು, ತಳವಾರರು, ಬೇಡರು, ದನ ಕಾಯುವವರು, ಊರಿನ ಎಲ್ಲ ಜಾತಿಯ ಆಳುಗಳು. ಅವರ ಮನೆಯವರಿಗೆ ಊರವರೋ ನಾಡಗೌಡರೋ ಕೊಟ್ಟ ನೆಲದ ಹೆಸರು ನೆತ್ತರುಗೊಡಗೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ತಂದರು. ಮುಂದೆ ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ, ಷ. ಶೆಟ್ಟರ್ ಮೊದಲಾದವರು ಈ ಕಲ್ಲುಗಳಿಂದ ಒಂದು ಸಮಾಜದ ಮನಸ್ಸನ್ನೇ ಓದಿ ತೋರಿಸಿದರು. ನೆತ್ತರುಗೊಡಗೆಯ ಬರಹಗಳಲ್ಲಿ ಬರುವ ಅಳತೆ ಸಣ್ಣದು, ಇಷ್ಟು ಕೊಳಗ ಗದ್ದೆ, ಇಷ್ಟು ಬೆದ್ದಲು ಎಂಬಂಥದ್ದು. ಅಷ್ಟು ನೆಲದಿಂದ ಯಾರೂ ಸಿರಿವಂತರಾಗಲಾರರು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ಊರು ಬಿಟ್ಟು ಹೋಗಬೇಕಾಗದಷ್ಟು ಆಸರೆ ಅದರಲ್ಲಿತ್ತು.

ಈ ಕೊಡುಗೆಯ ಗುಣಗಳನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಮುಂದೆ ಕಳೆದುಹೋದದ್ದು ಅವೇ. ಯಾವ ಕೆರೆಯ ಕೆಳಗಿನ ಯಾವ ಗದ್ದೆ ಎಂದು ಊರಿಗೆಲ್ಲ ಗೊತ್ತಿದ್ದ, ಎಲ್ಲೆ ಗುರುತಿಸಿದ ನೆಲ ಅದು. ಕಾದಿದವನ ಸ್ವಂತ ಊರಿನಲ್ಲೇ, ಅವನ ನಂಟರಿಷ್ಟರ ನಡುವೆಯೇ ಅದು ಸಿಗುತ್ತಿತ್ತು. ಕೊಟ್ಟದ್ದನ್ನು ಬರೆದ ಕಲ್ಲು ಊರ ಕಣ್ಣೆದುರು ನಿಂತಿರುತ್ತಿದ್ದರಿಂದ ಯಾರ ಪೆಟ್ಟಿಗೆಯ ಬೀಗಕ್ಕೂ ಆ ದಾಖಲೆ ಸಿಕ್ಕುವಂತಿರಲಿಲ್ಲ. ಓದು ಬಾರದವರಿಗೂ ಮೂರು ಹಂತದ ಚಿತ್ರ, ಅಂದರೆ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ, ಕಥೆ ಹೇಳುತ್ತಿತ್ತು. ಮಕ್ಕಳ ಕಾಲಕ್ಕೂ ಅದು ನಡೆಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಕೊಡುವುದು ಉಳಿದವರ ಹೊಣೆಯಾಗಿತ್ತು. ಬೇಡುವ ಕೆಲಸವನ್ನು ವಿಧವೆಯ ಮೇಲೆ ಹೊರಿಸಿರಲಿಲ್ಲ.

ಇದನ್ನು ಹೇಳುವಾಗ ಆ ಕಾಲವನ್ನು ಚೆಂದಗಾಣಿಸುವ ಅಪಾಯವಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ದಕ್ಷಿಣಕ್ಕೆ ನಿಂತ ಗರುಡಗಂಬ ಆ ಭ್ರಮೆಗೆ ತಕ್ಕ ಉತ್ತರ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಮಡದಿ ಸುಗ್ಗಲದೇವಿ ಮತ್ತು ಜೊತೆಯ ಆಳುಗಳೊಂದಿಗೆ ಪ್ರಾಣ ಕೊಟ್ಟದ್ದನ್ನು ಆ ಕಂಬ ಹೇಳುತ್ತದೆ. ತಮ್ಮ ಕತ್ತಿಯಿಂದಲೇ ತಮ್ಮ ತಲೆ ಕಡಿದುಕೊಳ್ಳುತ್ತಿರುವ ಆ ಸಣ್ಣ ಶಿಲ್ಪಗಳ ಮುಂದೆ ನಿಂತು ಹೊಯ್ಸಳ ಸೈನಿಕನ ಬಾಳು ಸುಖವಾಗಿತ್ತು ಎನ್ನಲು ಯಾರಿಗೂ ಬಾಯಿ ಬಾರದು. ಕೃಷ್ಣರಾಜಪೇಟೆಯ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಿ ಒಂದೇ ಮನೆತನ ತಲೆತಲಾಂತರ ಹೊಯ್ಸಳ ದೊರೆಗಳೊಂದಿಗೆ ಸತ್ತ ಲೆಕ್ಕವಿದೆ. ಅನ್ನ ಕೊಟ್ಟವನ ಜೊತೆ ಅನ್ನ ಉಂಡವನೂ ಸಾಯಬೇಕೆಂಬ ಭಾಷೆ ಅದು. ಅಂಥ ಋಣದ ಕಲ್ಪನೆಯನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹೀಗೆ ದೊರೆಯೊಂದಿಗೆ ಸಾಯುವ ಗರುಡರ ಭಾಷೆಯಲ್ಲಿ ಋಣ ಎರಡೂ ಕಡೆಗಿತ್ತು. ಆಳು ಪ್ರಾಣ ಕೊಡುವವನಾದರೆ ಆಳುವವನು ನೆಲ ಕೊಡುವವನಾಗಬೇಕಿತ್ತು. ಪ್ರಾಣ ಕೇಳುವ ಅರ್ಧವನ್ನು ನಂತರದ ಎಲ್ಲ ರಾಜ್ಯಗಳೂ ಉಳಿಸಿಕೊಂಡವು. ನೆಲ ಕೊಡುವ ಅರ್ಧ ಸವೆಯುತ್ತ ಬಂತು. 1311ರಲ್ಲಿ ಮಲಿಕ್ ಕಾಫೂರನ ದಂಡು, 1327ರ ಹೊತ್ತಿಗೆ ತುಘಲಕನ ದಂಡು ದೋರಸಮುದ್ರವನ್ನು ಹಾಳುಗೆಡವಿದವು. ಮಧುರೆಯಲ್ಲಿ ಮುಮ್ಮಡಿ ಬಲ್ಲಾಳನ ಕೊಲೆಯಾದ ಮೇಲೆ ಬೇಗನೆ ಮನೆತನವೇ ಮುಗಿಯಿತು. ದೊರೆ ಹೋದರೂ ಕೆರೆಯ ಕೆಳಗಿನ ಕೊಡಗೆ ಗದ್ದೆ ಒಮ್ಮೆಲೇ ಹೋಗುವಂಥದ್ದಲ್ಲ. ಅದನ್ನು ಕಾಯುವ ಕೆಲಸ ಅರಮನೆಯದ್ದಾಗಿರಲಿಲ್ಲ, ಊರಿನದ್ದಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನೆಲ ಯಾರದ್ದು? ಯೋಧನಿಗೆ ಕೊಟ್ಟ ಗದ್ದೆಯಲ್ಲಿ ಅದಕ್ಕೂ ಮುಂಚೆ ಉಳುತ್ತಿದ್ದವನು ಏನಾದ? ಹಲ್ಮಿಡಿಯ ರೈತರನ್ನು ಯಾರಾದರೂ ಕೇಳಿದ್ದರೇ? ಕೇಳಿರಲಾರರು. ನಮ್ಮ ನೆರೆಯಲ್ಲೇ ಇದಕ್ಕೆ ಇತ್ತೀಚಿನ ಉದಾಹರಣೆ ಇದೆ. ಎರಡನೆಯ ಮಹಾಯುದ್ಧದ ಮಾಜಿ ಸೈನಿಕರಿಗೆಂದು ಮದರಾಸು ಸರ್ಕಾರ ವಯನಾಡಿನಲ್ಲಿ ನೆಲೆಸುವಿಕೆಯ ಯೋಜನೆ ಮಾಡಿದಾಗ ಪಣಿಯರಂಥ ಬುಡಕಟ್ಟಿನವರು ತಲೆಮಾರುಗಳಿಂದ ಓಡಾಡಿದ್ದ ಕಾಡು ನೆಲ ಕೈತಪ್ಪಿತು. ಒಬ್ಬರಿಗೆ ಮನೆ ಕೊಡಲು ಇನ್ನೊಬ್ಬರನ್ನು ಒಕ್ಕಲೆಬ್ಬಿಸುವುದು ನ್ಯಾಯವಲ್ಲ. ಆದ್ದರಿಂದ ಹಳೆಯ ಪದ್ಧತಿಯ ಪರಿಮಾಣವನ್ನು, ಅಂದರೆ ಊರುಗಟ್ಟಲೆ ಕಲ್ನಾಡನ್ನು, ನಾನು ಸಮರ್ಥಿಸುವುದಿಲ್ಲ. ಅದರ ರೀತಿಯಿಂದ ಕಲಿಯಬಹುದು ಎನ್ನುತ್ತೇನೆ. ಹಾಸನಕ್ಕೆ ಅಂಟಿಕೊಂಡ ಕೊಡಗಿನಲ್ಲಿ ದಂಡಿನ ಸೇವೆಗೆ ಬದಲಾಗಿ ಬಂದ ಜಮ್ಮಾ ಹಿಡುವಳಿ ರಾಜರು, ಬ್ರಿಟಿಷರು ಎಲ್ಲರನ್ನೂ ದಾಟಿ ನಮ್ಮ ಕಾಲದವರೆಗೆ ಉಳಿದಿದೆ. ಕೊಡಗಿನ ಸೈನಿಕ ನಿವೃತ್ತನಾಗಿ ಮರಳುವುದು ತನ್ನ ಕುಲದ ಐನ್‌ಮನೆ ಇರುವ ನೆಲಕ್ಕೆ. ಅರಸೀಕೆರೆಯ ಬಯಲಿನಿಂದ ಫೌಜಿಗೆ ಸೇರುವ ಹುಡುಗನಿಗೆ ಅಂಥ ಹಿನ್ನೆಲೆ ಇಲ್ಲ. ಎರಡು ಎಕರೆ ಖುಷ್ಕಿ, ರಾಗಿ, ನಾಲ್ಕು ತೆಂಗಿನ ಮರ, ಮೂವರು ಅಣ್ಣತಮ್ಮಂದಿರು ಎಂಬಂಥ ಮನೆಗಳಿಂದಲೇ ಹೆಚ್ಚಿನವರು ಹೊರಡುವುದು.

ಈ ಏರ್ಪಾಡು ಒಡೆದದ್ದು ಯಾವಾಗ ಎಂದು ಕೇಳಿದರೆ 1799ನ್ನು ತೋರಿಸಬೇಕಾಗುತ್ತದೆ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಸರದಾರರಿಗೆ ವರ್ಷಾಶನ ಸಿಕ್ಕಿತು, ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದರು. ಸಾವಿರಾರು ಸಾಮಾನ್ಯ ಸಿಪಾಯಿಗಳು ಸಂಬಳವೂ ಇಲ್ಲದೆ ನೆಲೆಯೂ ಇಲ್ಲದೆ ಬೀದಿಗೆ ಬಿದ್ದರು. ಆ ವರ್ಷವೇ ಸೆರೆಯಿಂದ ಹೊರಬಂದ ಚನ್ನಗಿರಿಯ ಧೊಂಡಿಯ ವಾಘನ ಸುತ್ತ ಸೇರಿದವರಲ್ಲಿ ಬಹುಪಾಲು ಇಂಥವರೇ. ಬಿದನೂರು ಸೀಮೆಯಿಂದ ತುಂಗಭದ್ರೆಯಾಚೆಗೂ ಹಬ್ಬಿದ ಆ ಬಂಡಾಯವನ್ನು ಮುರಿಯಲು ಆರ್ಥರ್ ವೆಲ್ಲೆಸ್ಲಿಗೆ 1800ರ ಸೆಪ್ಟೆಂಬರ್‌ವರೆಗೆ ಹಿಡಿಯಿತು. ಬೇಲೂರಿನ ಮಗ್ಗುಲಲ್ಲಿ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪನಾಯಕ ಐಗೂರಿನ ಕಾಡಿನಲ್ಲಿ ನಿಂತು ಕಾದಿ, 1802ರ ಫೆಬ್ರವರಿಯಲ್ಲಿ ಗಲ್ಲಿಗೇರಿದ. ಚರಿತ್ರೆಯ ಪುಸ್ತಕಗಳು ಇವರನ್ನು ಸ್ವಾತಂತ್ರ್ಯವೀರರೆಂದೋ ದರೋಡೆಕೋರರೆಂದೋ ವಾದಿಸುತ್ತವೆ. ಆ ವಾದದ ಗದ್ದಲದಲ್ಲಿ ಮರೆಯಾಗುವುದು ಅವರ ಹಿಂದಿದ್ದ ಸಾಮಾನ್ಯ ಆಳಿನ ಸ್ಥಿತಿ. ದಂಡು ಕರಗಿದಾಗ ಅವನಿಗೆ ಹೋಗಲು ಜಾಗವಿರಲಿಲ್ಲ.

ದಿವಾನ್ ಪೂರ್ಣಯ್ಯನಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಅವನ ಹೆಸರು ಸೇತುವೆ, ನಾಲೆ, ಖಜಾನೆಗಳ ಜೊತೆ ಬರುತ್ತದೆ, ಆದರೆ ನನ್ನ ಎಣಿಕೆಯಲ್ಲಿ ಅವನ ದೊಡ್ಡ ಕೆಲಸ ಕಂದಾಚಾರ. ಹಳೆಯ ಕಾಲದಿಂದ ಬಂದ ಈ ಕಾಲಾಳು ಪಡೆಯನ್ನು ಅವನು ಹೊಸದಾಗಿ ಕಟ್ಟಿ, ದಂಡಿನ ಕಸುಬಿನ ಮನೆಗಳಿಂದ ಆದಷ್ಟೂ ಜನರನ್ನು ಸೇರಿಸಿಕೊಂಡ. ಸಂಖ್ಯೆ ಸುಮಾರು 20 ಸಾವಿರದವರೆಗೆ ಹೋಯಿತು. ಸಂಬಳ ತೀರ ಕಡಮೆ, ತಿಂಗಳಿಗೆ ಎರಡು ಮೂರು ರೂಪಾಯಿಯ ಮಾತು. ಆದರೆ ಕಂದಾಚಾರದವನು ತನ್ನ ಊರಲ್ಲೇ ಇದ್ದು, ಊರ ಕೋಟೆ ಕಾಯ್ದು, ಪೊಲೀಸ್ ಕೆಲಸ ನೋಡಿ, ತನ್ನ ಹೊಲ ಉಳಬಹುದಿತ್ತು. ಕೈಯಲ್ಲಿ ಕತ್ತಿ ಇರುವವನಿಗೆ ಊರಲ್ಲಿ ಕಾಲೂರಲು ಜಾಗ ಕೊಡದಿದ್ದರೆ ಅವನು ಇನ್ನೊಬ್ಬ ಧೊಂಡಿಯನನ್ನು ಹುಡುಕಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಅದು ಕರುಣೆಯಲ್ಲ, ರಾಜ್ಯ ನಡೆಸುವವನ ವಿವೇಕ. ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದ ಮೇಲೆ ಕಂದಾಚಾರ ಕ್ರಮೇಣ ಕರಗಿ ಪೊಲೀಸು, ಕಂದಾಯ ಇಲಾಖೆಗಳೊಳಗೆ ಕಾಣೆಯಾಯಿತು. ಇದೇ ಸೀಮೆಯಲ್ಲಿ ದಂಡಿಗೆ ಸೇರಿದ ಇನ್ನೊಂದು ನೆಲ ಮಾತ್ರ ಬಹುಕಾಲ ಉಳಿಯಿತು. ಚಿಕ್ಕದೇವರಾಜರ ಬೆಣ್ಣೆ ಚಾವಡಿಯಾಗಿ ಹುಟ್ಟಿ, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಹೆಸರು ಪಡೆದ ಅಮೃತಮಹಲ್ ಇಲಾಖೆಯ ಎತ್ತುಗಳು ದಂಡಿನ ತೋಪುಗಾಡಿ ಎಳೆಯುತ್ತಿದ್ದವು. ಅವುಗಳ ಮೇವಿಗೆ ಅರಸೀಕೆರೆ, ಕಡೂರು ಮೊದಲಾದ ಕಡೆ ಬಿಟ್ಟ ಲಕ್ಷಗಟ್ಟಲೆ ಎಕರೆ ಕಾವಲುಗಳನ್ನು ಸರ್ಕಾರಗಳು ಹೆಸರು ಹಿಡಿದು, ಗಡಿ ಹಾಕಿ ದಾಖಲೆಯಲ್ಲಿ ಕಾಪಾಡಿದವು. ತೋಪು ಎಳೆದ ಎತ್ತಿನ ನೆಲಕ್ಕೆ ದಾಖಲೆ ಉಳಿಯಿತು. ಆ ತೋಪಿನ ಪಕ್ಕ ನಡೆದ ಆಳಿನ ನೆಲಕ್ಕೆ ಉಳಿಯಲಿಲ್ಲ. ಇದನ್ನು ಬರೆಯುವಾಗ ನೋವಾಗುತ್ತದೆ.

ನಂತರದ ಕಾಲ ಪಿಂಚಣಿಯ ಕಾಲ. ಪಿಂಚಣಿ ಒಳ್ಳೆಯದೇ, ನೆಲಕ್ಕಿಂತ ಸುಲಭವಾಗಿ ಹಂಚಬಹುದು, ಇನ್ನೊಬ್ಬರ ಒಕ್ಕಲು ಎಬ್ಬಿಸಬೇಕಿಲ್ಲ. ಆದರೆ ಅದು ಎಲ್ಲರಿಗೂ ಸಿಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷಕ್ಕೆ ಬೆಳೆದ ಭಾರತೀಯ ಸೇನೆಯನ್ನು 1945ರ ನಂತರ ಬೇಗಬೇಗ ಇಳಿಸಿದಾಗ, ಯುದ್ಧಕಾಲಕ್ಕೆಂದು ಸೇರಿದ ದೊಡ್ಡ ಪಾಲಿನವರು ಪಿಂಚಣಿಯ ಅರ್ಹತೆ ಇಲ್ಲದೆ ಮನೆಗೆ ಮರಳಿದರು. ಪಂಜಾಬಿನ ನಾಲೆ ಕಾಲೊನಿಗಳಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗೆ ನೀರಾವರಿ ಜಮೀನು ಹಂಚಿದ್ದರು. ಮಳೆ ನೆಚ್ಚಿದ ನಮ್ಮ ಬಯಲಿಗೆ ಅಂಥ ಭಾಗ್ಯ ಬರಲಿಲ್ಲ. ಇತ್ತ ಮೈಸೂರು ರಾಜ್ಯದಲ್ಲಿ 1954ರ ವೈಯಕ್ತಿಕ ಮತ್ತು ಇತರ ಇನಾಂ ರದ್ದತಿ ಕಾಯ್ದೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಉಂಬಳಿ, ಮಾನ್ಯಗಳ ಇಡೀ ಲೋಕವನ್ನು ಮುಚ್ಚಿದವು. ಮುಚ್ಚಿದ್ದು ಸರಿಯೇ. ಜಾತಿಯ ಮೇಲೆ ನಿಂತ ಹಕ್ಕು, ಜೀತದ ಮೇಲೆ ನಿಂತ ಹುದ್ದೆ ಪ್ರಜಾರಾಜ್ಯದಲ್ಲಿ ಉಳಿಯಬಾರದು. ಆದರೆ ಸೇವೆಗೆ ಪ್ರತಿಯಾಗಿ ನೆಲೆ ಎಂಬ ತತ್ವವನ್ನು ಹೊಸ ರಾಜ್ಯ ಹೊಸ ಭಾಷೆಯಲ್ಲಿ ಪೂರ್ತಿಯಾಗಿ ಬರೆದುಕೊಳ್ಳಲಿಲ್ಲ. ಅರೆಬರೆ ಬರೆದದ್ದಕ್ಕೆ ಎರಡು ಗುರುತುಗಳಿವೆ. ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿದಾಗಲೂ ಸೈನಿಕ ಮತ್ತು ನಾವಿಕರಿಗೆ ವಿನಾಯಿತಿ ಕೊಟ್ಟಿತು. ಅವರು ಊರಿನಲ್ಲಿಲ್ಲದಿರುವುದು ರಾಜ್ಯದ ಆಜ್ಞೆಯಿಂದ ಎಂದು ಕಾನೂನು ಒಪ್ಪಿಕೊಂಡ ಅಪರೂಪದ ಸಂದರ್ಭ ಅದು. ಆದರೆ ಜಮೀನು ಇದ್ದವನಿಗೆ ಮಾತ್ರ ಅದರ ಉಪಯೋಗ. ಜಮೀನಿಲ್ಲದವನಿಗೆ 1969ರ ಭೂ ಮಂಜೂರಾತಿ ನಿಯಮಗಳು ಬಂದವು. ಹಂಚಲು ಸಿಗುವ ಸರ್ಕಾರಿ ಜಮೀನಿನಲ್ಲಿ ಶೇಕಡ 10ರಷ್ಟನ್ನು ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲಿಟ್ಟವು.

ಹಲ್ಮಿಡಿಯ ಕಲ್ಲಿನಿಂದ ಈ ಶೇಕಡ 10ಕ್ಕೆ ಬರುವ ಹೊತ್ತಿಗೆ ಏನೇನು ಬದಲಾಯಿತು ನೋಡಿ. ನೆಲದ ಹೆಸರಿಲ್ಲ, ಎಲ್ಲೆಯಿಲ್ಲ, ಪ್ರಮಾಣ ಮಾತ್ರ ಇದೆ. ಸಿಗುವ ಜಮೀನು ಸೊನ್ನೆಯಾದರೆ ಸೊನ್ನೆಯ ಶೇಕಡ ಹತ್ತೂ ಸೊನ್ನೆಯೇ. ಕೊಡುವ ಹೊಣೆ ಹೋಗಿ ಕೇಳುವ ಹೊಣೆ ಬಂದಿದೆ. ಮಾಜಿ ಸೈನಿಕ ದರಖಾಸ್ತು ಹಾಕಬೇಕು, ಬಿಡುಗಡೆ ಪತ್ರ ಲಗತ್ತಿಸಬೇಕು, ಬೇರೆಲ್ಲೂ ಜಮೀನಿಲ್ಲವೆಂದು ಪ್ರಮಾಣ ಮಾಡಬೇಕು, ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ವರದಿ, ಸರ್ವೆಯ ನಕ್ಷೆ, ಅರಣ್ಯ ಇಲಾಖೆಯ ಅಭಿಪ್ರಾಯ ಎಲ್ಲ ಮುಗಿಯಬೇಕು. ಗೋಮಾಳವೆಂದರೆ ಊರ ದನಗಳ ಲೆಕ್ಕ ಅಡ್ಡ ಬರುತ್ತದೆ. ಕಾವಲೆಂದರೆ ಅಮೃತಮಹಲಿನ ಹೆಸರು ಅಡ್ಡ ಬರುತ್ತದೆ. ಖಾಲಿ ಇದ್ದ ಕಡೆ ಆಗಲೇ ಬಗರ್ ಹುಕುಂ ಸಾಗುವಳಿ ನಡೆದಿರುತ್ತದೆ, ಮಾಡುತ್ತಿರುವವನೂ ಬಡವನೇ. ಹಾಸನ ಜಿಲ್ಲೆಯಲ್ಲಿ ಇದರ ಮೇಲೆ ಇನ್ನೊಂದು ಭಾರ. ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಮನೆಮಠ ಮುಳುಗಿಸಿಕೊಂಡವರಿಗೂ ಜಮೀನು ಇದೇ ಸರ್ಕಾರಿ ನೆಲದಿಂದ ಬರಬೇಕಿತ್ತು. ದೇಶಕ್ಕಾಗಿ ಊರು ಬಿಟ್ಟವನನ್ನು, ನೀರಿಗಾಗಿ ಊರು ಕಳೆದುಕೊಂಡವನನ್ನು ಒಂದೇ ಸರ್ವೆ ನಂಬರಿನ ಮುಂದೆ ಎದುರಾಳಿಗಳಂತೆ ನಿಲ್ಲಿಸುವ ವ್ಯವಸ್ಥೆಯಲ್ಲಿ ಯಾರು ಗೆದ್ದರೂ ಅನ್ಯಾಯವೇ.

ಈ ಎಲ್ಲಕ್ಕೂ ಸಾಮಾನ್ಯವಾಗಿ ಬರುವ ಉತ್ತರ ಒಂದಿದೆ. ಹೊಲ ಯಾಕೆ ಬೇಕು? ಹದಿನೈದು ವರ್ಷ ಸೇವೆ ಮಾಡಿದ ಜವಾನನಿಗೆ ಜೀವಮಾನದ ಪಿಂಚಣಿ ಇದೆ, ಕ್ಯಾಂಟೀನ್ ಇದೆ, ಆಸ್ಪತ್ರೆಯ ಸೌಲಭ್ಯ ಇದೆ, ಎರಡನೆಯ ನೌಕರಿಗೆ ಮೀಸಲಾತಿ ಇದೆ. ಊರಿನ ಕೂಲಿಯವನಿಗಿಂತ ಅವನು ಎಷ್ಟೋ ವಾಸಿ. ಹೊಲದ ಮಟ್ಟಿಗೆ ನಾನು ಈ ಮಾತನ್ನು ಬಹುಪಾಲು ಒಪ್ಪುತ್ತೇನೆ. ನಲವತ್ತರ ಅಂಚಿನಲ್ಲಿ ಮರಳಿದವನಿಗೆ ನಾಲ್ಕು ಎಕರೆ ಕಲ್ಲುಭೂಮಿ ಕೊಟ್ಟು ರೈತನಾಗು ಎನ್ನುವುದು ಈಗ ಉಪಕಾರವಲ್ಲ. ಆದರೆ ಮನೆಯ ಮಾತು ಬೇರೆ. ಹದಿನೆಂಟರಲ್ಲಿ ಊರು ಬಿಟ್ಟವನು ಎರಡು ವರ್ಷಕ್ಕೊಂದು ಕಡೆ ವರ್ಗವಾಗುತ್ತ, ಕ್ವಾರ್ಟರ್ಸಿನಲ್ಲೋ ಬಂಕರಿನಲ್ಲೋ ಬಾಳುತ್ತಿರುವಾಗ, ಊರಿನಲ್ಲಿ ತಂದೆಯ ಮನೆ ಭಾಗವಾಗುತ್ತದೆ. ಭಾಗವಾಗುವ ದಿನ ಅವನು ಅಲ್ಲಿರುವುದಿಲ್ಲ. ಆ ಎರಡು ದಶಕದಲ್ಲಿ ಅರಸೀಕೆರೆ, ಬೇಲೂರಿನಂಥ ತಾಲ್ಲೂಕು ಪೇಟೆಗಳ ನಿವೇಶನದ ಬೆಲೆ ಅವನ ಸಂಬಳದ ಜೊತೆ ಏರುವುದಿಲ್ಲ, ರಸ್ತೆ, ಬಡಾವಣೆ, ಹೊರಗಿನ ಹಣದ ಜೊತೆ ಏರುತ್ತದೆ. ಪಿಂಚಣಿಗೆ ತುಟ್ಟಿಭತ್ಯೆ ಇದೆ. ನೆಲದ ಬೆಲೆಗೆ ತಕ್ಕ ಭತ್ಯೆ ಎಂಬುದಿಲ್ಲ. ಇನ್ನು ಸರ್ಕಾರದ ವಸತಿ ಯೋಜನೆಗಳಿಗೆ ಬನ್ನಿ. 1995-96ರ ಹೊತ್ತಿಗೆ ಇಂದಿರಾ ಆವಾಸ್ ಯೋಜನೆ ಮಾಜಿ ಸೈನಿಕರಿಗೆ, ಕದನದಲ್ಲಿ ಮಡಿದವರ ಪತ್ನಿಯರಿಗೆ ಬಾಗಿಲು ತೆರೆದಿತ್ತು. ಅದರ ಜಾಗಕ್ಕೆ 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ, ಮನೆಯಲ್ಲಿ ಯಾರಿಗಾದರೂ ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ಆದಾಯವಿದ್ದರೆ ಹೊರಗಿಡುವ ನಿಯಮದೊಂದಿಗೆ ಬಂತು. ಆಮೇಲೆ ಮಿತಿ 15 ಸಾವಿರವಾಯಿತು. ಕನಿಷ್ಠ ಪಿಂಚಣಿ 9 ಸಾವಿರ, ಅದರ ಮೇಲೆ ತುಟ್ಟಿಭತ್ಯೆ ಸೇರಿಸಿದರೆ ಜವಾನ ಮಿತಿಯ ಅಂಚಿಗೋ ಆಚೆಗೋ ಬೀಳುತ್ತಾನೆ. ಇನ್ನೊಂದು ಕೊನೆಯಲ್ಲಿ 1978ರಲ್ಲಿ ಹುಟ್ಟಿದ ಸೇನಾ ಕಲ್ಯಾಣ ವಸತಿ ಸಂಸ್ಥೆ ಲಾಭವಿಲ್ಲದೆ ಮನೆ ಕಟ್ಟಿ ಕೊಡುತ್ತದೆ, ಆದರೆ ದೊಡ್ಡ ನಗರಗಳಲ್ಲಿ, ಆ ನಗರಗಳ ನೆಲದ ಬೆಲೆಗೆ. ಜಾವಗಲ್ ಹೋಬಳಿಯ ಮಾಜಿ ಸೈನಿಕ ಆಶ್ರಯ ಮನೆಗೆ ಹೆಚ್ಚು ಅನುಕೂಲಸ್ಥ, ಅಪಾರ್ಟ್‌ಮೆಂಟಿಗೆ ಹೆಚ್ಚು ಬಡವ. ಅವನು ಬಾಡಿಗೆ ಮನೆಯಲ್ಲಿ ಉಳಿಯುತ್ತಾನೆ. ಪಿಂಚಣಿ ಬರುವಷ್ಟು ದಿನ ಬಾಡಿಗೆ ನಡೆಯುತ್ತದೆ. ಅವನ ನಂತರ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಅದಕ್ಕಿಂತ ಕಡಮೆ.

ಅಮೆರಿಕದಂತೆ ನಮ್ಮಲ್ಲಿ ಮಾಜಿ ಸೈನಿಕರು ಬೀದಿಬದಿಯ ಗುಡಾರಗಳಲ್ಲಿ ಮಲಗುವುದು ಕಾಣುವುದಿಲ್ಲವಲ್ಲ ಎಂಬ ಮಾತೂ ಇದೆ. ಅಲ್ಲಿ 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಸುಮಾರು 33 ಸಾವಿರ ಮಾಜಿ ಸೈನಿಕರು ಮನೆಯಿಲ್ಲದವರಾಗಿ ಸಿಕ್ಕರು. ಆ ಸಂಖ್ಯೆ ನಮಗೆ ಗೊತ್ತಿರುವುದು ಅವರು ಎಣಿಸುವುದರಿಂದ. 2011ರ ನಮ್ಮ ಜನಗಣತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮನೆಯಿಲ್ಲದವರನ್ನು ಕಂಡಿತು, ಅವರಲ್ಲಿ ಎಷ್ಟು ಮಂದಿ ಒಮ್ಮೆ ಸಮವಸ್ತ್ರ ತೊಟ್ಟಿದ್ದರು ಎಂದು ಕೇಳಲಿಲ್ಲ. ನಮ್ಮಲ್ಲಿ ಮನೆಯಿಲ್ಲದಿರುವುದು ಹೆಚ್ಚಾಗಿ ಅಣ್ಣನ ಜಗಲಿಯಲ್ಲಿ, ಮಾವನ ಮನೆಯ ಕೋಣೆಯಲ್ಲಿ ಅಡಗಿರುತ್ತದೆ. ಅಮೆರಿಕದಿಂದ ಕಲಿಯಬೇಕಾದದ್ದು ಬೇರೆ ಇದೆ. 2010ರಲ್ಲಿ ಅಲ್ಲಿನ ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆ 74 ಸಾವಿರದಷ್ಟಿತ್ತು. ಅದು ಅರ್ಧಕ್ಕಿಂತ ಕೆಳಗಿಳಿದದ್ದಕ್ಕೆ ಮೊದಲು ಸೂರು, ಉಳಿದದ್ದೆಲ್ಲ ಆಮೇಲೆ ಎಂಬ ನಿಲುವಿನಿಂದ ಬಾಡಿಗೆ ಚೀಟಿ ಮತ್ತು ಆರೈಕೆಯನ್ನು ಒಟ್ಟಿಗೆ ಕೊಟ್ಟದ್ದು ದೊಡ್ಡ ಕಾರಣ. ಆ ನಿಲುವು ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. 1932ರಲ್ಲಿ ಅದೇ ದೇಶ, ಯುದ್ಧದ ಬೋನಸ್ ಕೇಳಲು ರಾಜಧಾನಿಗೆ ಬಂದು ಗುಡಿಸಲು ಹಾಕಿದ್ದ ಮಾಜಿ ಸೈನಿಕರನ್ನು ದಂಡು ಕಳಿಸಿ ಚದುರಿಸಿ, ಗುಡಿಸಲುಗಳಿಗೆ ಬೆಂಕಿ ಬೀಳಲು ಬಿಟ್ಟಿತ್ತು.

ಸೈನಿಕನಿಗೇ ಯಾಕೆ ಮೊದಲು, ಊರಿನ ತೋಟಿಗೆ, ಗಾರೆಯವನಿಗೆ, ಅಂಗನವಾಡಿಯ ಸಹಾಯಕಿಗೆ ಮನೆ ಬೇಡವೇ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಅವರಿಗೂ ಬೇಕು, ಮತ್ತು ಸೈನಿಕನ ಪಾಲು ಅವರ ಪಾಲಿನಿಂದ ಬರಬಾರದು. ಪರಿಶಿಷ್ಟರ ಪಾಲನ್ನು, ಮುಳುಗಡೆಯವರ ಪಾಲನ್ನು ಕೊರೆದು ಕೊಟ್ಟರೆ ಹಲ್ಮಿಡಿಯ ರೈತರಿಗೆ ಆದ ಅನ್ಯಾಯವನ್ನೇ ಮತ್ತೆ ಮಾಡಿದಂತೆ. ಆದರೆ ಸೈನಿಕನ ವಿಷಯದಲ್ಲಿ ಒಂದು ವಿಶೇಷವಿದೆ. ಅವನು ಊರಿನಲ್ಲಿ ಮನೆ ಕಟ್ಟಿಕೊಳ್ಳಬಹುದಾಗಿದ್ದ ಇಪ್ಪತ್ತು ವರ್ಷಗಳನ್ನು ರಾಜ್ಯವೇ ಲಿಖಿತ ಆಜ್ಞೆಯಿಂದ ತೆಗೆದುಕೊಂಡಿತು. ಯಾವ ದಿನ ಬಿಡುಗಡೆಯಾಗುತ್ತಾನೆ ಎಂಬುದು ಅವನ ದಾಖಲಾತಿ ಕಚೇರಿಗೆ ಮೊದಲೇ ಗೊತ್ತು. ಸ್ವಂತ ತಾಲ್ಲೂಕು ಯಾವುದೆಂದು ಅವನ ಸೇವಾ ಪುಸ್ತಕದಲ್ಲಿದೆ. ಹಾಗಿರುವಾಗ ಬಿಡುಗಡೆಗೆ ಮೂರು ವರ್ಷ ಮುಂಚೆಯೇ ಸೈನಿಕ ಕಲ್ಯಾಣ ಇಲಾಖೆಯಿಂದ ತಾಲ್ಲೂಕಿಗೆ ಹೆಸರು ಹೋಗಿ, ಪಂಚಾಯಿತಿಯ ಬಡಾವಣೆಯಲ್ಲಿ ಮೂವತ್ತು ನಲವತ್ತರ ಒಂದು ನಿವೇಶನ ಗುರುತಾಗಿ, ಅವನು ಊರಿಗೆ ಬಂದ ದಿನ ಹಕ್ಕುಪತ್ರ ಕೈಗೆ ಸಿಗುವುದು ಆಗದ ಕೆಲಸವಲ್ಲ. ನಿವೇಶನದ ಬೆಲೆಯನ್ನು ಅವನಿಂದ ಕಂತಿನಲ್ಲಿ ಪಡೆಯಲಿ, ಇಪ್ಪತ್ತು ವರ್ಷ ಮಾರುವಂತಿಲ್ಲ ಎಂಬ ಷರತ್ತು ಇರಲಿ, ಹೆಂಡತಿಯ ಹೆಸರೂ ಜೊತೆಗಿರಲಿ. ಅರ್ಜಿ ಎಂಬ ಒಂದು ಕಾಗದ ಮಾತ್ರ ಇರಬಾರದು. ಯಾರಿಗೆ ಯಾವ ನಿವೇಶನ ಎಂಬ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಈ ಮಾತಿಗೆ ಅವಸರವಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷದ ಸೇವೆ, ನೂರರಲ್ಲಿ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಇರುವುದು ಅರ್ಧದಷ್ಟು ಅವರ ಸಂಬಳದಿಂದಲೇ ಕೂಡಿಟ್ಟ, ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ. ಮಾಜಿ ಸೈನಿಕ ಎಂಬ ಸ್ಥಾನವಿಲ್ಲದವನಿಗೆ ಶೇಕಡ 10ರ ಮೀಸಲಿನಲ್ಲಿ ಪಾಲಿದೆಯೇ, ಇಲ್ಲವೇ ಎಂಬುದನ್ನು ಅವನು ಊರಿಗೆ ಮರಳುವ ಮೊದಲೇ ಇತ್ಯರ್ಥ ಮಾಡಬೇಕು. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಹುಡುಗರು ಕಬ್ಬಿಣದ ಟ್ರಂಕು ಹಿಡಿದು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ಬಾಣಾವರ, ಜಾವಗಲ್, ಹಳೇಬೀಡಿನ ಬಸ್ಸು ಹತ್ತುತ್ತಾರೆ. ಆ ದಾರಿಯ ಊರುಗಳಲ್ಲಿ ಅವರ ಹೆಸರಿಗೆ ಗುರುತಾದ ಒಂದು ನಿವೇಶನವೂ ಇವತ್ತಿನವರೆಗೆ ಇಲ್ಲ.